ಆಟಿಯ ಕಲ್ಲು, ಅಳತೆಯ ಗಂಜಿ

ವೇಣೂರಿನ ನನ್ನ ತಾಯಿಮನೆಯಲ್ಲಿ, ಅಡುಗೆಕೋಣೆಯ ಅಟ್ಟದ ಮೇಲೆ ಒಂದು ಬೆಣಚುಕಲ್ಲು ಇದೆ. ಕೋಳಿಮೊಟ್ಟೆಗಿಂತ ತುಸು ದೊಡ್ಡದು. ಫಲ್ಗುಣಿ ಹೊಳೆಯಿಂದ ತಂದಾಗ ಬೆಳ್ಳಗಿತ್ತಂತೆ. ನನಗೆ ಬುದ್ಧಿ ಬರುವಷ್ಟರಲ್ಲೇ ಹೊಗೆ ಹಿಡಿದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ವರ್ಷಕ್ಕೆ ಒಂದೇ ದಿನ ಅದಕ್ಕೆ ಕೆಲಸ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಅದನ್ನು ಕೆಳಗಿಳಿಸಿ, ಕೆಂಡದಲ್ಲಿ ಹುಗಿದು, ಕೆಂಪಗೆ ಕಾದ ಮೇಲೆ ಇಕ್ಕುಳದಲ್ಲಿ ಹಿಡಿದು ಪಾಲೆ ಮರದ ಕೆತ್ತೆಯ ಕಷಾಯಕ್ಕೆ ಹಾಕುತ್ತಿದ್ದರು. ‘ಚುಂಯ್’ ಎಂದು ಸದ್ದು. ಆ ಸದ್ದು ಕೇಳಿದ ಮೇಲೆಯೇ ಮಕ್ಕಳಾದ ನಾವು ಚಾಪೆ ಬಿಟ್ಟು ಏಳುತ್ತಿದ್ದದ್ದು.

1964ರ ಸುಮಾರಿಗೆ ನನಗೆ ಏಳೋ ಎಂಟೋ ವರ್ಷ. ಮಾವ ಹಿಂದಿನ ದಿನ ಹಗಲಲ್ಲೇ ಗುಡ್ಡಕ್ಕೆ ಹೋಗಿ ಮರ ನೋಡಿ, ಬಳ್ಳಿ ಕಟ್ಟಿ ಬರುತ್ತಿದ್ದರು. ಕತ್ತಲಲ್ಲಿ ಮರ ತಪ್ಪಬಾರದು. ಪಾಲೆಯ ಬದಲು ಕಾಸರಕದ ತೊಗಟೆ ಬಂದರೆ ಮನೆಯೇ ಹಾಳು; ಹಾಗೆ ಜೀವ ಹೋದ ಸುದ್ದಿ ನಮ್ಮ ಜಿಲ್ಲೆಯಲ್ಲಿ ಆಗೊಮ್ಮೆ ಈಗೊಮ್ಮೆ ಬರುವುದುಂಟು. ಕಾಗೆ ಕೂಗುವ ಮೊದಲೇ ಹೋಗಬೇಕು, ಕತ್ತಿ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಿ ತೊಗಟೆ ಎಬ್ಬಿಸಬೇಕು. ತಂದ ಕೆತ್ತೆಯನ್ನು ಅಜ್ಜಿ ಬೆಳ್ಳುಳ್ಳಿ, ಓಮ, ಕರಿಮೆಣಸಿನ ಜೊತೆ ಅರೆದು ಬಟ್ಟೆಯಲ್ಲಿ ಹಿಂಡುತ್ತಿದ್ದರು. ದೊಡ್ಡವರಿಗೆ ಗೆರಟೆಯಲ್ಲಿ ಕಾಲುಭಾಗ, ನಮಗೆ ಎರಡು ಚಮಚ. ಕಹಿಗೆ ಮುಖ ಕಿವಿಚಿದರೆ ಬಾಯಿಗೊಂದು ಬೆಲ್ಲದ ತುಂಡು, ಆಮೇಲೆ ಮೆಂತೆಯ ಗಂಜಿ. ಒಂದು ವರ್ಷ ದೊಡ್ಡಮ್ಮನ ಮಗ ಜಂಬಕ್ಕೆ ಇನ್ನೊಂದು ಗೆರಟೆ ಕೇಳಿದ. ಅಜ್ಜಿ ಉತ್ತರವನ್ನೇ ಕೊಡಲಿಲ್ಲ. ಉಳಿದ ಕಷಾಯವನ್ನು ಬಾಳೆಯ ಬುಡಕ್ಕೆ ಚೆಲ್ಲಿ ಪಾತ್ರೆ ಕವುಚಿ ಹಾಕಿ, “ಇದೆಂತ ಪಾಯಸವಾ?” ಎಂದು ಒಳಗೆ ಹೋದರು.

ಆ ಕವುಚಿದ ಪಾತ್ರೆ ನನ್ನ ತಲೆಯಲ್ಲಿ ಉಳಿದದ್ದು ಐವತ್ತು ವರ್ಷ ಕಳೆದ ಮೇಲೆ ಉಪಯೋಗಕ್ಕೆ ಬಂತು. ನಮ್ಮ ಅಣ್ಣನ ಕಿಡ್ನಿ ಕೆಟ್ಟಾಗ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ನನ್ನ ಊರುಗಳೇ. ಹುಟ್ಟಿದ್ದು ವೇಣೂರು, ಅದು ಬೆಳ್ತಂಗಡಿ ತಾಲ್ಲೂಕು. ಮದುವೆಯಾಗಿ ಸೇರಿದ್ದು ಸಿದ್ಧಕಟ್ಟೆಯ ಹತ್ತಿರದ ಮನೆ, ಅದು ಬಂಟ್ವಾಳ. ಟೀಚರ್ ಕೆಲಸದ ಮೊದಲ ವರ್ಷಗಳು ಮೂಡುಬಿದಿರೆಯಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮೈಯನ್ನು ಹೇಗೆ ನೋಡಿಕೊಳ್ಳಬೇಕು ಎಂಬ ವಿಷಯದಲ್ಲಿ ಈ ಸೀಮೆ ಏನು ತಿಳಿದುಕೊಂಡಿತ್ತು, ಅದರಲ್ಲಿ ಏನು ಉಳಿಯಿತು, ಏನು ಹೋಯಿತು ಎಂದು ಅಣ್ಣನ ಕಾಯಿಲೆಯ ನಂತರ ನಾನು ಹುಡುಕುತ್ತಾ ಬಂದಿದ್ದೇನೆ.

ಅಜ್ಜಿಯ ಬಾಯಲ್ಲಿ ಕಿಡ್ನಿ ಎಂಬ ಶಬ್ದ ಇರಲಿಲ್ಲ. ಸೊಂಟ ಇತ್ತು, ಉರಿಮೂತ್ರ ಇತ್ತು, ಮುಖ ಬಾತುಕೊಳ್ಳುವುದು, ಕಲ್ಲು ಕಟ್ಟುವುದು ಇತ್ತು. ಇವಕ್ಕೆಲ್ಲ ಅವರಿಗೆ ಅಂಗಳದಲ್ಲೇ ಮದ್ದು. ಉರಿಮೂತ್ರಕ್ಕೆ ಲಾವಂಚದ ಬೇರು ಹಾಕಿಟ್ಟ ನೀರು, ಇಲ್ಲದಿದ್ದರೆ ಬೊಂಡ, ಅಂದರೆ ಎಳನೀರು. ಕಲ್ಲಿಗೆ ಕಾಡುಬಸಳೆಯ ಎಲೆ, ಹುರಳಿಯ ಸಾರು, ಬಾಳೆದಿಂಡು. ದಿಂಡು ಕೊಯ್ಯುವುದನ್ನು ಅವರಿಂದಲೇ ಕಲಿತೆ. ಗೊನೆ ಕಡಿದ ಬಾಳೆಯ ಪದರಗಳನ್ನು ಒಂದೊಂದೇ ಬಿಡಿಸುತ್ತಾ ಹೋದರೆ ಒಳಗೆ ಮೇಣದಬತ್ತಿಯಂಥ ತಂಪು ದಂಟು. ಅದನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚುವಾಗ ಪ್ರತಿ ಬಿಲ್ಲೆಯ ಹಿಂದೆ ಜೇಡನ ಬಲೆಯಂತೆ ನಾರು ಏಳುತ್ತದೆ. ಅದನ್ನು ತೋರುಬೆರಳಿಗೆ ಸುತ್ತಿ ಸುತ್ತಿ ತೆಗೆಯಬೇಕು. ಒಂದು ದಿಂಡು ಮುಗಿಯುವಾಗ ಬೆರಳಿಗೆ ಬಿಳಿ ಉಂಗುರವೇ ಆಗಿರುತ್ತಿತ್ತು. ಹೆಚ್ಚಿದ್ದನ್ನು ಮಜ್ಜಿಗೆ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆ. ಇಷ್ಟೆಲ್ಲ ಕೆಲಸ ಇದ್ದದ್ದರಿಂದ ದಿಂಡಿನ ಪಲ್ಯ ತಿಂಗಳಿಗೆ ಒಂದೋ ಎರಡೋ ಸಲ ಆದರೆ ಹೆಚ್ಚು. ಈಗ ಅದರ ರಸವನ್ನು ಮಿಕ್ಸಿಯಲ್ಲಿ ತಿರುಗಿಸಿ ದಿನಾ ಬೆಳಿಗ್ಗೆ ಲೋಟಗಟ್ಟಲೆ ಕುಡಿಯುವವರಿದ್ದಾರೆ.

ಆಟಿ ತಿಂಗಳೆಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಗದ್ದೆ ಕೆಲಸ ಮುಗಿದಿರುತ್ತದೆ, ಕಣಜದ ಅಕ್ಕಿ ತಳ ಕಂಡಿರುತ್ತದೆ, ಮಳೆ ಬಿಡುವುದಿಲ್ಲ. ಇವತ್ತು ವೇದಿಕೆಯ ಮೇಲೆ ‘ಆಟಿಡೊಂಜಿ ದಿನ’ ಎಂದು ಇಪ್ಪತ್ತು ಮೂವತ್ತು ಬಗೆ ಬಡಿಸುತ್ತಾರಲ್ಲ, ಅವು ಒಟ್ಟಿಗೆ ಯಾವ ಮನೆಯ ಬಟ್ಟಲಿಗೂ ಬಿದ್ದದ್ದಲ್ಲ. ಒಂದು ದಿನ ತಜಂಕ್ ಸೊಪ್ಪು, ಒಂದು ದಿನ ಕಣಿಲೆ ಎನ್ನುವ ಎಳೆ ಬಿದಿರು, ಒಂದು ದಿನ ಕೆಸುವಿನ ಎಲೆಯ ಪತ್ರೊಡೆ, ಸಿಕ್ಕಿದರೆ ತಿಮರೆ ಎನ್ನುವ ಒಂದೆಲಗದ ಚಟ್ನಿ. ಹಸಿವು ಇದ್ದದ್ದು ನಿಜ. ಅದನ್ನು ಚಂದ ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಆದರೆ ಆ ಹಸಿವಿನಲ್ಲೂ ಜನ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಲಿಲ್ಲ. ಕಣಿಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸುತ್ತಿದ್ದರು. ಕೆಸುವಿಗೆ ಹುಣಸೆಹುಳಿ ಸೇರಿಸದೆ ಬೇಯಿಸುತ್ತಿರಲಿಲ್ಲ. ನೀರಿಗೆ ಹಾಕಬೇಕಾದ್ದು ಯಾವುದು, ಹುಳಿಗೆ ಹಾಕಬೇಕಾದ್ದು ಯಾವುದು, ಹಸಿಯಾಗಿ ತಿನ್ನಬಹುದಾದ್ದು ಯಾವುದು ಎಂಬ ತಿಳಿವಳಿಕೆಯಲ್ಲೇ ಅರ್ಧ ವೈದ್ಯ ಇತ್ತು.

ಉಪ್ಪಿನ ಮಾತು ಬೇರೆ. ನಮ್ಮ ಸೀಮೆಯ ಮಳೆಗಾಲದ ಊಟ ನಿಂತದ್ದೇ ಉಪ್ಪಿನ ಮೇಲೆ. ಹಲಸಿನ ಸೊಳೆಯನ್ನು ಭರಣಿಯಲ್ಲಿ ಉಪ್ಪು ಹಾಕಿಡುವ ಉಪ್ಪಡ್ ಪಚ್ಚಿಲ್, ಉಪ್ಪುನೀರಿನ ಮಾವಿನಕಾಯಿ, ಒಣಮೀನು. ಆ ಉಪ್ಪು ಮಂಗಳೂರಿನಿಂದ ನೇತ್ರಾವತಿಯಲ್ಲಿ ದೋಣಿ ಹತ್ತಿ ಬಂಟ್ವಾಳಕ್ಕೆ ಬರುತ್ತಿತ್ತು. ದೋಣಿ ಸಲೀಸಾಗಿ ಬರುವ ಕೊನೆಯ ದೊಡ್ಡ ಪೇಟೆ ಅದು. ಅಲ್ಲಿಂದ ಮುಂದೆ ಘಟ್ಟಕ್ಕೆ ಗಾಡಿಯೇ ಗತಿ. ಘಟ್ಟದ ಕಾಫಿ ಇಳಿಯುತ್ತಿತ್ತು, ಉಪ್ಪು ಮತ್ತು ಒಣಮೀನು ಏರುತ್ತಿತ್ತು. ಬಂಟ್ವಾಳದ ಹಳಬರಿಗೆ 1923ರ ನೆರೆ ಕೇಳಿದ ಕತೆ, 1974ರ ನೆರೆ ಕಂಡ ಸಂಗತಿ. ನಮ್ಮ ದೊಡ್ಡಪ್ಪನಿಗೆ ಪೇಟೆಯಲ್ಲಿ ಸಣ್ಣ ಜಿನಸಿನ ಅಂಗಡಿ ಇತ್ತು. ಎಪ್ಪತ್ತನಾಲ್ಕರಲ್ಲಿ ನೀರು ಇಳಿದ ಮೇಲೆ ಬಾಗಿಲು ತೆಗೆದರೆ ಅಕ್ಕಿ ಕೊಳೆತಿತ್ತು, ಬೆಲ್ಲ ಕೆಸರಾಗಿತ್ತು, ಉಪ್ಪಿನ ಗೋಣಿಗಳು ಮಾತ್ರ ಖಾಲಿ ಚೀಲಗಳಾಗಿ ನೆಲಕ್ಕೆ ಅಂಟಿದ್ದವು. ಒಂದು ಕಾಳೂ ಉಳಿದಿರಲಿಲ್ಲ.

ಗದ್ದೆಯಲ್ಲಿ ಸಂಜೆವರೆಗೆ ದುಡಿದವನ ಮೈಯಿಂದ ಉಪ್ಪು ಬೆವರಾಗಿ ಹೋಗುತ್ತಿತ್ತು. ಗಂಜಿಗೆ ಉಪ್ಪಡ್ ಮಾವಿನಕಾಯಿ ನೆಂಚಿಕೊಂಡರೆ ಆ ನಷ್ಟ ತುಂಬುತ್ತಿತ್ತು. ಉಪ್ಪಡ್ ಪಚ್ಚಿಲನ್ನು ಕೂಡ ಭರಣಿಯಿಂದ ತೆಗೆದ ಹಾಗೆಯೇ ಬೇಯಿಸುವುದಲ್ಲ. ರಾತ್ರಿಯಿಡೀ ನೀರಲ್ಲಿ ಹಾಕಿ, ಹಿಂಡಿ, ಮತ್ತೆ ನೀರು ಹಾಕಿ ‘ಉಪ್ಪು ಬಿಡಿಸಿ’ ಆಮೇಲೆ ಪಲ್ಯ. ಈಗ ಬೆವರು ಹೋಯಿತು, ಉಪ್ಪು ಬಿಡಿಸುವ ತಾಳ್ಮೆಯೂ ಹೋಯಿತು, ಉಪ್ಪು ಮಾತ್ರ ಇನ್ನೂ ಇದೆ. ಬೇಕರಿಯಲ್ಲಿ, ಚಿಪ್ಸಿನ ಪ್ಯಾಕೆಟ್ಟಿನಲ್ಲಿ, ಹೋಟೆಲಿನ ಸಾಂಬಾರಿನಲ್ಲಿ ಕಣ್ಣಿಗೆ ಕಾಣದೆ ಇದೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ನಮ್ಮ ಉಪ್ಪಿನಕಾಯಿಯ ಭರಣಿಗೆ ಈ ಲೆಕ್ಕ ಗೊತ್ತಿಲ್ಲ.

ಒಂದು ಕಿಡ್ನಿಯ ತೂಕ ನೂರೈವತ್ತು ಗ್ರಾಮಿನ ಹತ್ತಿರ, ಮುಷ್ಟಿಯಷ್ಟೇ. ಎರಡೂ ಸೇರಿ ದಿನವೊಂದಕ್ಕೆ 180 ಲೀಟರಿನಷ್ಟು ಸೋಸುತ್ತವೆ. ಅದರಲ್ಲಿ ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ ಲೀಟರಿನ ಆಸುಪಾಸು, ಉಳಿದದ್ದೆಲ್ಲ ಮೈಗೆ ವಾಪಸ್. ಸೋಸುವ ಸೂಕ್ಷ್ಮ ಜರಡಿಗಳು ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ. ಅವು ತಾಯಿಯ ಹೊಟ್ಟೆಯಲ್ಲೇ ಆಗಿ ಮುಗಿಯುತ್ತವೆ, ಹುಟ್ಟಿದ ಮೇಲೆ ಹೊಸತು ಒಂದೂ ಹುಟ್ಟುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆ ಇವೆಲ್ಲ ಆ ಜರಡಿಯನ್ನೇ ಸವೆಸುವುದು.

ಇಲ್ಲಿ ನನ್ನ ಮನಸ್ಸು ಕೊರೆಯುವ ಒಂದು ಮಾತು ಹೇಳಬೇಕು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹನ್ನೊಂದು ವರ್ಷ ಹೆಣ್ಣುಮಕ್ಕಳಿಗೆ ಶೌಚಾಲಯ ಇರಲಿಲ್ಲ. ಹುಡುಗಿಯರು ಬೆಳಿಗ್ಗೆ ಮನೆಯಲ್ಲಿ ಕುಡಿದ ಚಾ ಬಿಟ್ಟರೆ ಸಂಜೆವರೆಗೆ ಒಂದು ಹನಿ ನೀರು ಮುಟ್ಟುತ್ತಿರಲಿಲ್ಲ. ಟೀಚರುಗಳಾದ ನಾವೂ ಅಷ್ಟೇ. ಉರಿಮೂತ್ರ, ಜ್ವರ ಎಂದು ರಜೆ ಹಾಕುವ ಮಕ್ಕಳಿಗೆ ನಾನೇ ‘ಜಾಸ್ತಿ ನೀರು ಕುಡಿ’ ಎಂದು ಬುದ್ಧಿ ಹೇಳುತ್ತಿದ್ದೆ. ಎಲ್ಲಿ ಹೋಗಿ ಬರಬೇಕು ಎಂದು ಆ ಮಕ್ಕಳು ತಿರುಗಿ ಕೇಳಲಿಲ್ಲ. ಕೇಳಬೇಕಿತ್ತು. ಲಾವಂಚ, ಬೊಂಡ ಎಂದು ಬರೆಯುವಾಗಲೆಲ್ಲ ಆ ಬೆಂಚುಗಳು ಕಣ್ಣ ಮುಂದೆ ಬರುತ್ತವೆ.

ಮೂಡುಬಿದಿರೆಯಲ್ಲಿ ನಾನು ಬಾಡಿಗೆಗೆ ಇದ್ದದ್ದು ಒಂದು ಜೈನರ ಮನೆಯಲ್ಲಿ, 1977ರಲ್ಲಿ. ಮನೆಯೊಡತಿಯನ್ನು ನಾನು ಅಮ್ಮ ಎಂದೇ ಕರೆಯುತ್ತಿದ್ದೆ. ಸೂರ್ಯ ಮುಳುಗುವ ಮೊದಲೇ ಅವರ ರಾತ್ರಿಯೂಟ ಮುಗಿಯಬೇಕು. ಶಾಲೆ ಬಿಟ್ಟು ಬರುವಾಗ ಐದೂವರೆ. ನಾನು ಕಾಲು ತೊಳೆಯುವಷ್ಟರಲ್ಲಿ ಬಟ್ಟಲು ಹಾಕಿರುತ್ತಿದ್ದರು. ಅಷ್ಟಮಿ, ಚತುರ್ದಶಿಗೆ ಹಸಿರು ತರಕಾರಿ ಇಲ್ಲ. ಮಳೆಗಾಲದ ನಾಲ್ಕು ತಿಂಗಳು ಸೊಪ್ಪು ಇಲ್ಲ. ಬಾವಿಯ ನೀರು ಬಟ್ಟೆಯಲ್ಲಿ ಸೋಸದೆ ಹಂಡೆಗೆ ಹೋಗುತ್ತಿರಲಿಲ್ಲ. ಮೊದಲ ತಿಂಗಳು ರಾತ್ರಿ ಒಂಬತ್ತಕ್ಕೆ ಹೊಟ್ಟೆ ಕೂಗಿ ನಿದ್ದೆ ಬರಲಿಲ್ಲ. ಮೂರನೇ ತಿಂಗಳಿಗೆ ಬೆಳಿಗ್ಗೆ ಮೈ ಹಗುರವಾಗಿ ಏಳತೊಡಗಿದೆ. ಅವರಿಗೆ ಅದು ಅಹಿಂಸೆಯ ವ್ರತ, ಆರೋಗ್ಯದ ಲೆಕ್ಕವಲ್ಲ. ಆದರೆ ಜೈನರಲ್ಲಿ ಮದ್ದಿನ ಪರಂಪರೆಯೂ ಆಳವಾದದ್ದು. ಮಾಂಸ, ಮದ್ಯ, ಜೇನು ಬಿಟ್ಟು ವೈದ್ಯ ಹೇಳಿದ ಉಗ್ರಾದಿತ್ಯನ ‘ಕಲ್ಯಾಣಕಾರಕ’ 9ನೇ ಶತಮಾನದ್ದು. 14ನೇ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಕನ್ನಡದಲ್ಲೇ ಇರುವ ವಿಷವೈದ್ಯ. ಹಾವು ಚೇಳಿನ ವಿಷದಷ್ಟೇ ಗಂಭೀರವಾಗಿ ಗಿಡಮರಗಳ ವಿಷವನ್ನೂ ಅದು ನೋಡುತ್ತದೆ. ಗುಡ್ಡದಲ್ಲಿ ಕಾಸರಕ ಯಾವುದು ಪಾಲೆ ಯಾವುದು ಎಂದು ಬಳ್ಳಿ ಕಟ್ಟಿ ಬರುತ್ತಿದ್ದ ನಮ್ಮ ಮಾವ ಆ ಪುಸ್ತಕದ ಹೆಸರು ಕೇಳಿದವರಲ್ಲ, ಆದರೆ ಅದೇ ಎಚ್ಚರದವರು.

ಆ ಅಮ್ಮ ಸಂಜೆ ‘ಭರತೇಶ ವೈಭವ’ ಓದುತ್ತಿದ್ದರು. ಬರೆದ ರತ್ನಾಕರವರ್ಣಿ ಮೂಡುಬಿದಿರೆಯವನೇ, 16ನೇ ಶತಮಾನದವನು. ಅರಮನೆಯ ಸುಖದ ನಡುವೆ ಇದ್ದೂ ಯೋಗ ಬಿಡದ ಚಕ್ರವರ್ತಿಯ ಕತೆ ಅದು. ಊಟ ಬಿಡುವುದಲ್ಲ, ಊಟದ ನಡುವೆ ಎದ್ದು ಬರುವುದು ಕಷ್ಟ ಎಂದು ಅಮ್ಮ ಅದನ್ನು ತಮ್ಮ ಭಾಷೆಗೆ ಇಳಿಸಿಕೊಂಡಿದ್ದರು.

ಸಾವಿರ ಕಂಬದ ಬಸದಿಗೆ ನನ್ನನ್ನು ಮೊದಲು ಕರೆದುಕೊಂಡು ಹೋದವರೂ ಅವರೇ. 1430ರಲ್ಲಿ ಕಟ್ಟಿದ ಬಸದಿ. ಎದುರಿನ ಭೈರಾದೇವಿ ಮಂಟಪದ ತಳಗಟ್ಟಿನಲ್ಲಿ, ಆನೆ ಕುದುರೆಗಳ ಸಾಲಿನಲ್ಲಿ ಒಂದು ಜಿರಾಫೆ ಇದೆ, ಒಂದು ಚೀನೀ ಡ್ರ್ಯಾಗನ್ ಇದೆ. ಬಗ್ಗಿ ನೋಡಬೇಕು. ಕಡಲಾಚೆಯ ವ್ಯಾಪಾರದಲ್ಲಿ ಯಾರೋ ಕಂಡದ್ದನ್ನು, ಕೇಳಿದ್ದನ್ನು ನಮ್ಮ ಶಿಲ್ಪಿ ಕರ್ಗಲ್ಲಿಗೆ ಇಳಿಸಿದ. ನಾಲ್ಕು ದಶಕ ಬಿಟ್ಟು ನಾನು ಆ ಡ್ರ್ಯಾಗನ್ನಿನ ಊರಿನವರ ಜೊತೆ ಕೈಯೆತ್ತಿ ನಿಲ್ಲುತ್ತೇನೆ ಎಂದು ಆಗ ಎಣಿಸಿರಲಿಲ್ಲ.

2017ರಲ್ಲಿ ನಿವೃತ್ತಿಯಾದ ಮೇಲೆ ಸಿಂಗಾಪುರದ ಮಗಳ ಮನೆಯಲ್ಲಿ ಐದು ತಿಂಗಳಿದ್ದೆ, ಬಾಣಂತನಕ್ಕೆ. ಬೆಳಿಗ್ಗೆ ಆರೂವರೆಗೆ ಫ್ಲಾಟಿನ ಕೆಳಗಿನ ಖಾಲಿ ಜಾಗದಲ್ಲಿ ಹತ್ತು ಹನ್ನೆರಡು ಮಂದಿ ಚೀನೀ ಮುದುಕ ಮುದುಕಿಯರು ಸಾಲಾಗಿ ನಿಂತು, ನೀರಿನೊಳಗೆ ಕೈಯಾಡಿಸುವವರ ಹಾಗೆ ಮೆಲ್ಲಗೆ ಚಲಿಸುತ್ತಿದ್ದರು. ನಾಲ್ಕನೇ ದಿನ ಹಿಂದಿನ ಸಾಲಿನ ಒಬ್ಬ ಅಜ್ಜಿ ನನ್ನ ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿಕೊಂಡರು. ಅವರಿಗೆ ಇಂಗ್ಲಿಷು ಬಾರದು, ನನಗೆ ಚೀನೀ ಬಾರದು. ಅಂಗೈಗಳನ್ನು ಉಜ್ಜಿ ಬಿಸಿ ಮಾಡಿ, ನನ್ನ ಬೆನ್ನ ಹಿಂದೆ, ಪಕ್ಕೆಲುಬು ಮುಗಿಯುವಲ್ಲಿ ಎರಡೂ ಕೈ ಇಟ್ಟು, “ಕಿಡ್ನಿ, ಕಿಡ್ನಿ” ಎಂದರು. ಆ ಒಂದು ಶಬ್ದ ಮಾತ್ರ ಅವರಿಗೆ ಗೊತ್ತಿತ್ತು.

ಅವರು ಕಲಿಸಿದ್ದು ಬಾದುವಾನ್‌ಜಿನ್. ಎಂಟು ತುಂಡು ಜರತಾರಿ ರೇಷ್ಮೆ ಎಂದು ಅದರ ಅರ್ಥ. ಎಂಟು ಚಲನೆಗಳ ಚಿ ಕುಂಗ್. ಆರನೆಯದು ಸೊಂಟ ಮತ್ತು ಕಿಡ್ನಿಗೆ. ಕೈಗಳನ್ನು ಮೇಲೆತ್ತಿ, ಎದೆಯ ಮುಂದಿನಿಂದ ಇಳಿಸಿ, ಕಂಕುಳ ಕೆಳಗಿನಿಂದ ಹಿಂದೆ ತಂದು, ಬೆನ್ನನ್ನು ಸವರುತ್ತಾ, ಸೊಂಟ, ತೊಡೆ, ಮೀನಖಂಡ, ಹಿಮ್ಮಡಿಯವರೆಗೆ ಇಳಿಯುವುದು. ಮಂಡಿ ಮಡಚಬಾರದು. ಪಾದದ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತು, ಕೈಗಳೇ ಮೊದಲು ಏಳುವಂತೆ ಮೆಲ್ಲಗೆ ನೇರವಾಗುವುದು. ನೋಡಲು ಏನೂ ಇಲ್ಲ. ಮಾಡಿದರೆ ಮೂರನೇ ಸಲಕ್ಕೆ ಬೆನ್ನಿನ ಉದ್ದಕ್ಕೂ ಬಿಸಿ ಹರಿಯುತ್ತದೆ.

ಚಿ ಎಂದರೆ ಉಸಿರು, ಪ್ರಾಣ. ಕುಂಗ್ ಎಂದರೆ ಬಹುಕಾಲ ಮಾಡಿ ಮಾಡಿ ಕೈಗೆ ಹತ್ತಿದ ಕಸುಬು. ಬೇರು ಬಹಳ ಹಳೆಯದು. 1973ರಲ್ಲಿ ಚೀನಾದ ಚಾಂಗ್‌ಶಾ ನಗರದ ಹತ್ತಿರ ಮಾವಾಂಗ್‌ಡುಯಿಯಲ್ಲಿ, ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಒಂದು ಸಮಾಧಿ ತೆರೆದಾಗ ರೇಷ್ಮೆಯ ಮೇಲೆ ಬರೆದ ಚಿತ್ರಪಟ ಸಿಕ್ಕಿತು. 44 ಮಂದಿ, ಗಂಡಸರು, ಹೆಂಗಸರು, ಮುದುಕರು. ಕೈ ಚಾಚಿದವರು, ಬಗ್ಗಿದವರು. ಹೆಸರು ಮಾತ್ರ ಹೊಸತು. ಈ ಬಗೆಬಗೆಯ ಸಾಧನೆಗಳಿಗೆಲ್ಲ ಚಿ ಕುಂಗ್ ಎಂಬ ಒಂದೇ ಹೆಸರು ನಿಂತದ್ದು 1950ರ ದಶಕದಲ್ಲಿ, ತನ್ನ ಹೊಟ್ಟೆಹುಣ್ಣನ್ನು ಇದರಿಂದ ವಾಸಿ ಮಾಡಿಕೊಂಡ ಲಿಯು ಗುಯಿಜೆನ್ ಎಂಬಾತ ಚಿಕಿತ್ಸಾಲಯಗಳಲ್ಲಿ ಇದನ್ನು ಕಲಿಸಲು ಹೊರಟ ಮೇಲೆ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಅದನ್ನೇ ಮೂಢನಂಬಿಕೆ ಎಂದು ತುಳಿದರು, ಆಮೇಲೆ ಮತ್ತೆ ಎತ್ತಿ ಹಿಡಿದರು.

ಚೀನೀ ವೈದ್ಯದಲ್ಲಿ ಕಿಡ್ನಿ ನೀರಿನ ಅಂಗ. ಅದರ ಋತು ಚಳಿಗಾಲ, ಅದರ ರುಚಿ ಉಪ್ಪು. ತಂದೆತಾಯಿ ಕೊಟ್ಟ ಬಂಡವಾಳ ಅಲ್ಲಿ ಕೂಡಿಟ್ಟಿರುತ್ತದೆ, ಹೆಚ್ಚಿಸಲು ಬರುವುದಿಲ್ಲ, ದುಂದು ಮಾಡದೆ ಉಳಿಸಿಕೊಳ್ಳಬಹುದು ಎಂದು ಅವರ ಎಣಿಕೆ. ಇದನ್ನು ಓದಿದಾಗ ಹುಟ್ಟಿದ ಮೇಲೆ ಹೊಸ ಜರಡಿ ಹುಟ್ಟುವುದಿಲ್ಲ ಎಂಬ ಇಂದಿನ ಮಾತು ನೆನಪಾಗಿ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಕೂತೆ. ಚಿ ಕುಂಗ್ ಕಿಡ್ನಿಯನ್ನು ಸರಿ ಮಾಡುತ್ತದೆ ಎಂದು ನಾನು ಹೇಳುವುದಿಲ್ಲ. ಹಾಳಾದದ್ದು ಬಗ್ಗಿ ಎದ್ದರೆ ಬಾರದು. ಬಾದುವಾನ್‌ಜಿನ್ ಬಿಡದೆ ಮಾಡಿದವರಿಗೆ ರಕ್ತದೊತ್ತಡ ತುಸು ಇಳಿಯುತ್ತದೆ ಎಂದು ತೋರಿಸಿದ ಅಧ್ಯಯನಗಳಿವೆ. ಒತ್ತಡ ಇಳಿದರೆ ಜರಡಿಯ ಸವೆತ ನಿಧಾನ. ಅಷ್ಟು ನನಗೆ ಸಾಕು.

ನಮ್ಮ ನೆಲದ ಮೈಸಾಧನೆ ಬೇರೆ ಜಾತಿಯದು. ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರ ಗರಡಿಗಳು ಈ ಮೂರೂ ತಾಲ್ಲೂಕುಗಳಲ್ಲಿವೆ. ಗರಡಿ ಎಂದರೆ ಸಾಮು ಮಾಡುವ ಮನೆ. ಆದರೆ ನನ್ನ ಬಾಲ್ಯದಲ್ಲೇ ಅಲ್ಲಿ ಸಾಮು ನಿಂತು ಆ ವೀರರ, ಅಂದರೆ ಬೈದೆರ್ಕಳ, ನೇಮ ಮಾತ್ರ ಉಳಿದಿತ್ತು. ಕಂಬಳದ ಓಟ ಇದೆ. 2020ರ ಫೆಬ್ರುವರಿಯಲ್ಲಿ ಐಕಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕೋಣಗಳೊಡನೆ ಓಡಿದ್ದನ್ನು ದೇಶವೇ ನೋಡಿತು. ನನಗೂ ಹೆಮ್ಮೆ. ಆದರೆ ಅದು ಇಪ್ಪತ್ತರ ಹರೆಯದ ಕಾಲುಗಳ ಮಾತು. ಅರುವತ್ತು ದಾಟಿದವರಿಗೆ ನಮ್ಮಲ್ಲಿ ಇದ್ದದ್ದು ಕೆಲಸವೇ: ಬಾವಿಯ ಹಗ್ಗ, ಕಡೆಯುವ ಕಲ್ಲು, ಅಡಿಕೆ ಹೆಕ್ಕಲು ಬಗ್ಗುವುದು. ಆರನೆಯ ಚಲನೆ ಮಾಡುವಾಗಲೆಲ್ಲ ನೇಜಿ ನೆಡುವ ಹೆಂಗಸರ ಬೆನ್ನು ನನ್ನ ಕಣ್ಣಿಗೆ ಬರುತ್ತದೆ. ಕೆಲಸವನ್ನು ಯಂತ್ರಕ್ಕೆ ಕೊಟ್ಟ ಮೇಲೆ ಮುದುಕರ ಮೈಗೆ ಏನು ಕೊಡಬೇಕು ಎಂದು ನಾವು ಯೋಚಿಸಲಿಲ್ಲ.

ಬೆಳ್ತಂಗಡಿಯಲ್ಲಿ ಒಬ್ಬರು ಯೋಚಿಸಿದರು. ಧರ್ಮಸ್ಥಳದಲ್ಲಿ ಚತುರ್ವಿಧ ದಾನ ಎಂದರೆ ಅನ್ನ, ಔಷಧ, ವಿದ್ಯೆ, ಅಭಯ. ಔಷಧದಾನವನ್ನು ಅಲ್ಲಿನ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು ಮದ್ದಿಲ್ಲದ ಮದ್ದಿನತ್ತ ಕೊಂಡೊಯ್ದರು. ಧರ್ಮಸ್ಥಳದ ಶಾಂತಿವನದಲ್ಲಿ ಪ್ರಕೃತಿ ಚಿಕಿತ್ಸಾಲಯ, 1989ರಲ್ಲಿ ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ ಕಾಲೇಜು. ಅಲ್ಲಿವರೆಗೆ ಪ್ರಕೃತಿ ಚಿಕಿತ್ಸೆ ಎಂದರೆ ಗಾಂಧಿವಾದಿಗಳ ಹಟ ಎಂದು ಜನ ತಿಳಿದಿದ್ದರು. ಬೇರು ಅಲ್ಲಿಯೂ ಇತ್ತು ಅನ್ನಿ. ಜರ್ಮನಿಯ ಲೂಯಿ ಕೂನೆಯ ತಣ್ಣೀರು ಸ್ನಾನವನ್ನು ಗಾಂಧೀಜಿ ದಕ್ಷಿಣ ಆಫ್ರಿಕದಲ್ಲೇ ಹಿಡಿದುಕೊಂಡವರು. ಅಲ್ಲಿ ಕಸ್ತೂರಬಾ ಕಾಯಿಲೆ ಬಿದ್ದಾಗ ಉಪ್ಪು ಮತ್ತು ಬೇಳೆ ಬಿಡು ಎಂದರೆ, ನಿಮಗೆ ಹೇಳಿದರೂ ನೀವು ಬಿಡಲಾರಿರಿ ಎಂದು ಆಕೆ ಅಂದದ್ದಕ್ಕೆ, ಆ ಕ್ಷಣವೇ ತಾವೇ ಒಂದು ವರ್ಷ ಎರಡನ್ನೂ ಬಿಟ್ಟರು. ಮುಂದೆ ಉಪ್ಪಿಗಾಗಿ ದಂಡಿಗೆ ನಡೆದವರೂ ಅವರೇ. ಮೂಡುಬಿದಿರೆಯಲ್ಲಿ ಆಯುರ್ವೇದ ವೈದ್ಯರಾದ ಡಾ. ಎಂ. ಮೋಹನ ಆಳ್ವರು ಕಟ್ಟಿದ ಸಂಸ್ಥೆಗಳಲ್ಲೂ ಆಯುರ್ವೇದ, ಪ್ರಕೃತಿ ಚಿಕಿತ್ಸೆ ಎರಡೂ ಸೇರಿಕೊಂಡವು. ಮಿಜಾರಿನ ಶೋಭಾವನದಲ್ಲಿ ಔಷಧಿ ಗಿಡಗಳ ತೋಟವೇ ಎದ್ದಿತು.

1998ರಲ್ಲಿ ಸೊಂಟನೋವಿಗೆ ನಾನು ಶಾಂತಿವನದಲ್ಲಿ ಹತ್ತು ದಿನ ಇದ್ದೆ. ಹೊಟ್ಟೆಯ ಮೇಲೆ ತಣ್ಣನೆ ಮಣ್ಣಿನ ಪಟ್ಟಿ, ತೊಟ್ಟಿಯಲ್ಲಿ ಸೊಂಟ ಮುಳುಗುವಷ್ಟು ನೀರು, ಬೂದುಗುಂಬಳದ ರಸ, ಉಪ್ಪಿಲ್ಲದ ಬೆಂದ ತರಕಾರಿ. ಮೂರನೇ ದಿನ ಕನಸಲ್ಲಿ ಉಪ್ಪಿನಕಾಯಿ ಬಂತು. ಆರನೇ ದಿನಕ್ಕೆ ಬೀನ್ಸಿನಲ್ಲೇ ಒಂದು ಉಪ್ಪು ಇದೆ ಎಂದು ನಾಲಿಗೆಗೆ ತಿಳಿಯಿತು.

ಅಣ್ಣನ ಕಿಡ್ನಿ ಕೆಟ್ಟದ್ದು 2019ರಲ್ಲಿ. ಕೊಲೆಸ್ಟರಾಲಿಗೆ ಬಿಂಬುಳಿಯ ರಸ ರಾಮಬಾಣ ಎಂದು ಯಾರೋ ಹೇಳಿದರು. ನಮ್ಮ ಬಾವಿಯ ಬಳಿಯ ಮರ ಬುಡದಿಂದ ತುದಿಯವರೆಗೆ ಕಾಯಿ ಹಿಡಿದಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ದೊಡ್ಡ ಲೋಟ, ನಾಲ್ಕು ದಿನ. ಐದನೇ ದಿನ ವಾಂತಿ, ಮೂತ್ರ ನಿಂತಿತು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಂಟು ದಾಟಿತ್ತು. ಬಿಂಬುಳಿಯಲ್ಲಿ ಆಕ್ಸಲೇಟ್ ವಿಪರೀತ. ಅದು ಹರಳಾಗಿ ಜರಡಿಯ ನಾಳಗಳನ್ನೇ ಮುಚ್ಚುತ್ತದೆ. ಕೇರಳದಲ್ಲಿ ಹೀಗೆ ಬಿಂಬುಳಿ ರಸ ಕುಡಿದು ಕಿಡ್ನಿ ಕೆಟ್ಟ ಹತ್ತು ಮಂದಿಯ ವಿವರವನ್ನು 2013ರಲ್ಲೇ ವೈದ್ಯರು ಪ್ರಕಟಿಸಿದ್ದರು, ಅವರಲ್ಲಿ ಏಳು ಮಂದಿಗೆ ಡಯಾಲಿಸಿಸ್ ಬೇಕಾಗಿತ್ತು. ಅದೇ ಕುಲದ ದಾರೆಹುಳಿಯಂತೂ ಕಿಡ್ನಿ ಸೋತವರಿಗೆ ತಲೆಗೇ ಏರುವ ವಿಷ. ಅಜ್ಜಿ ಹತ್ತು ಜನರ ಮೀನುಸಾರಿಗೆ ಬಿಂಬುಳಿ ಹಾಕುತ್ತಿದ್ದದ್ದು ನಾಲ್ಕು. ಅಣ್ಣನ ಒಂದು ಲೋಟಕ್ಕೆ ಮೂವತ್ತು.

ಒಂಬತ್ತು ಸಲ ಡಯಾಲಿಸಿಸ್ ಆಯಿತು. ಜೀವ ಉಳಿಯಿತು, ಕಿಡ್ನಿ ಅರ್ಧಕ್ಕಿಂತ ಕಡಿಮೆ ಉಳಿಯಿತು. ಡಾಕ್ಟರು ಬರೆದುಕೊಟ್ಟ ಪಟ್ಟಿ ನೋಡಿ ಅತ್ತಿಗೆ ಅತ್ತೇ ಬಿಟ್ಟರು. ಬೊಂಡ ಬೇಡ, ಪೊಟಾಸಿಯಂ ಜಾಸ್ತಿ. ಬಾಳೆದಿಂಡು ಬೇಡ. ಕಾಡುಬಸಳೆ, ಯಾವ ಕಷಾಯವೂ ಬೇಡ. ಬಸಳೆ ಬೇಡ. ನಮ್ಮ ಸೀಮೆಯಲ್ಲಿ ಕಿಡ್ನಿಗೆ ಒಳ್ಳೆಯದು ಎನ್ನುವ ಒಂದೊಂದೂ ಅಣ್ಣನ ಕಿಡ್ನಿಗೆ ಕೆಟ್ಟದ್ದಾಗಿತ್ತು. ಗಟ್ಟಿ ಕಿಡ್ನಿ ಇದ್ದವನಿಗೆ ಹೇಳಿದ ಮಾತನ್ನು ಸೋತ ಕಿಡ್ನಿಯವನಿಗೆ ಹೇಳಬಾರದು. ಇದನ್ನು ಇವತ್ತು ಮನೆಮದ್ದು ಹೇಳುವವರು ಮೊದಲು ಹೇಳಬೇಕು. ನನಗೆ ಅದರ ಬಗ್ಗೆ ಸಿಟ್ಟಿದೆ.

ಅತ್ತಿಗೆ ಕೇಳಿದರು, “ಹಾಗಾದರೆ ಇವರಿಗೆ ಎಂತ ಹಾಕುವುದು?” ಉತ್ತರ ಮಡಕೆಯಲ್ಲೇ ಇತ್ತು. ಗಂಜಿ.

1939ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕೆಂಪ್ನರ್ ಎಂಬ ವೈದ್ಯ, ಕಿಡ್ನಿ ಕೆಟ್ಟು ರಕ್ತದೊತ್ತಡ ಮಿತಿಮೀರಿದ ರೋಗಿಗಳಿಗೆ ಅನ್ನ, ಹಣ್ಣು, ಸಕ್ಕರೆ ಮಾತ್ರ ಕೊಡಲು ಶುರು ಮಾಡಿದ. ಉಪ್ಪು ಇಲ್ಲವೇ ಇಲ್ಲ ಎನ್ನುವಷ್ಟು, ಪ್ರೋಟೀನು ದಿನಕ್ಕೆ ಸುಮಾರು 20 ಗ್ರಾಮ್. ಆಗ ಈ ಕಾಯಿಲೆಗೆ ಮದ್ದೇ ಇರಲಿಲ್ಲ. ಅವನು ಜರ್ಮನಿಯಿಂದ ಬಂದವನು, ಉಚ್ಚಾರ ಗಡುಸು. ಒಬ್ಬ ರೈತ ಹೆಂಗಸಿಗೆ ಎರಡು ವಾರ ಈ ಊಟ ಮಾಡಿ ಬಾ ಎಂದದ್ದು ಎರಡು ತಿಂಗಳು ಎಂದು ಕೇಳಿಸಿತು. ಆಕೆ ಎರಡು ತಿಂಗಳು ಬಿಟ್ಟು ಬಂದಾಗ ಒತ್ತಡ ಇಳಿದಿತ್ತು, ಹಿಗ್ಗಿದ ಹೃದಯ ಕುಗ್ಗಿತ್ತು, ಕಣ್ಣಿನ ಒಳಪದರದ ರಕ್ತಸ್ರಾವ ಮಾಯವಾಗಿತ್ತು. ಕಠಿಣ ಪಥ್ಯ, ವೈದ್ಯರ ಕಣ್ಣೆದುರೇ ಮಾಡಬೇಕಾದ್ದು; ಮದ್ದುಗಳು ಬಂದ ಮೇಲೆ ಹಿಂದೆ ಸರಿಯಿತು. ಆದರೆ ಆ ಕತೆ ಓದಿದಾಗ ನನಗೆ ಕಂಡದ್ದು ನಮ್ಮ ಮಡಕೆ. ಜ್ವರ ಬಂದವನಿಗೆ, ಬಾಣಂತಿಗೆ, ಮುದುಕರಿಗೆ ಈ ಸೀಮೆ ಕೊಟ್ಟದ್ದು ಕುಚ್ಚಲಕ್ಕಿಯ ಗಂಜಿಯನ್ನೇ.

ಭತ್ತವನ್ನು ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಕುಟ್ಟುವುದರಿಂದ ತೌಡಿನ ಸತ್ವ ಅಕ್ಕಿಯೊಳಗೇ ಇಳಿಯುತ್ತದೆ. ಕಯಮೆ, ಅತಿಕರಾಯ, ಗಂಧಸಾಲೆ ಎಂಬ ಹೆಸರುಗಳು ನಮ್ಮ ಗದ್ದೆಯಿಂದ ಹೋಗಿ ಎಷ್ಟೋ ಕಾಲವಾಯಿತು. ಬೆಳ್ತಂಗಡಿಯ ಮಿತ್ತಬಾಗಿಲಿನಲ್ಲಿ ಬಿ.ಕೆ. ದೇವರಾಯರು ನೂರಕ್ಕೂ ಮಿಕ್ಕಿ ತಳಿಗಳನ್ನು ಬಿತ್ತಿ ಬೆಳೆದು ಉಳಿಸಿಕೊಂಡು ಬಂದರು. ಅತ್ತಿಗೆ ಈಗ ಅಕ್ಕಿಯನ್ನು ಹೆಚ್ಚು ನೀರಲ್ಲಿ ಬೇಯಿಸಿ ತಿಳಿ ಬಸಿದು, ಡಾಕ್ಟರು ಹೇಳಿದಷ್ಟೇ ನೀರಿನ ಲೆಕ್ಕದಲ್ಲಿ ಅಣ್ಣನಿಗೆ ಹಾಕುತ್ತಾರೆ. ನೆಂಚಲು ಉಪ್ಪಿಲ್ಲದ ಸೌತೆ, ಕೆಲವು ದಿನ ಪಡವಲ. ಮೊದಲ ತಿಂಗಳು ಅಣ್ಣ ಬಟ್ಟಲನ್ನು ನೂಕುತ್ತಿದ್ದ. ಈಗ ಗಂಜಿಯ ಅಕ್ಕಿ ಬದಲಾದರೆ ಹೇಳುತ್ತಾನೆ.

ತಿಂಗಳಿಗೊಮ್ಮೆ ನಾನು ವೇಣೂರಿಗೆ ಹೋದಾಗ ಬೆಳಿಗ್ಗೆ ಅಂಗಳದಲ್ಲಿ ಇಬ್ಬರೂ ನಿಲ್ಲುತ್ತೇವೆ. ಮೊದಲ ದಿನ ಅವನು, “ಇದೆಂತ ಮಾರಾಯ್ತಿ, ಅಡಿಕೆ ಹೆಕ್ಕಿದ ಹಾಗೆ” ಎಂದಿದ್ದ. ಈಗ ಆರನೆಯ ಚಲನೆಗೆ ಅವನ ಕೈ ಮೀನಖಂಡದವರೆಗೆ ಇಳಿಯುತ್ತದೆ, ಪಾದ ಮುಟ್ಟುವುದಿಲ್ಲ. ಅಷ್ಟು ಸಾಕು ಎಂದು ನಾನೂ ಅಲ್ಲಿಗೇ ನಿಲ್ಲಿಸುತ್ತೇನೆ.

ಕಳೆದ ಆಟಿ ಅಮಾವಾಸ್ಯೆಗೆ ಡಾಕ್ಟರಲ್ಲಿ ಅವನೇ ಕೇಳಿದ್ದ, ಎರಡು ಚಮಚ ಪಾಲೆ ಕಷಾಯ ಆಗಬಹುದೋ ಎಂದು. ಬೇಡ ಎಂದರು. ಆ ಬೆಳಿಗ್ಗೆ ನಾವು ಏಳುವ ಮೊದಲೇ ಅಣ್ಣ ಎದ್ದು ಒಲೆ ಹೊತ್ತಿಸಿದ್ದ. ಅಟ್ಟದಿಂದ ಕಲ್ಲು ಇಳಿಸಿ, ಒರೆಸಿ, ಕೆಂಡದಲ್ಲಿ ಹುಗಿದು ಕಾದು ಕೂತಿದ್ದ. ಅತ್ತಿಗೆ ಕಷಾಯದ ಪಾತ್ರೆ ಹಿಡಿದು ಬಂದಾಗ ಇಕ್ಕುಳದಲ್ಲಿ ಕಲ್ಲನ್ನು ಎತ್ತಿ, ಕೈ ನಡುಗದ ಹಾಗೆ ನಿಧಾನ ತಂದು, ಬಿಟ್ಟ. ಒಳಗಿನ ಕೋಣೆಯಲ್ಲಿ ಮೊಮ್ಮಕ್ಕಳು ಎದ್ದರು. ಅವನು ಎಲ್ಲರಿಗೂ ಗೆರಟೆಯಲ್ಲಿ ಅಳೆದು ಕೊಟ್ಟ, ಉಳಿದದ್ದನ್ನು ಬಾಳೆಯ ಬುಡಕ್ಕೆ ಚೆಲ್ಲಿ, ಪಾತ್ರೆ ಕವುಚಿ ಇಟ್ಟು, ತನ್ನ ಗಂಜಿಗೆ ಬಂದು ಕೂತ.